ಪಕ್ಕೀರಮ್ಮನವರ ರಜೆಗೆ ಸೀಲು ಒತ್ತುವ ಹೆಡ್ ಆಫೀಸು ಎಲ್ಲಿದೆ?

ಮಾನ್ಯ ಸಿಬ್ಬಂದಿ ಅಧಿಕಾರಿಗಳೇ,

ನನ್ನ ಅಕ್ಷರ ಸೊಟ್ಟ, ಕಾಗುಣಿತ ಇನ್ನೂ ಸೊಟ್ಟ. ಕುರುಗೋಡಿನ ಸಾಲಿಯಲ್ಲಿ ಐದನೇ ಕ್ಲಾಸಿಗೇ ನಿಂತವಳು, ಕ್ಷಮಿಸಿ. ನೆಟ್ಟಗಿರುವುದು ಒಂದೇ ಮಾತು: ಪಕ್ಕೀರಮ್ಮನವರು ಹೇಳದೆ ರಜೆ ಹಾಕಲಿಲ್ಲ. ನಮ್ಮ ಜೀನ್ಸ್ ಘಟಕದಿಂದ ಅವರನ್ನು ತೆಗೆದದ್ದು ಅನ್ಯಾಯ. ಇದನ್ನು ಎಲ್ಲರೂ ಓದಲೆಂದು ಗೇಟಿಗೆ ಅಂಟಿಸುತ್ತಿದ್ದೇನೆ.

ಹೋದ ವರ್ಷ ಫೋನಿನಲ್ಲಿ ಮಾತು ಕಳಿಸುವ ಹೊಸ ಆಪ್ ತಂದವರು ನೀವೇ. "ಕಳಿಸಿದೋರು, ಪಡೆದೋರು ಬಿಟ್ಟು ಯಾರೂ ಇದನ್ನ ಓದಾಕ ಆಗಂಗಿಲ್ಲ. ಇದಕ್ಕ ಯಜಮಾನನೂ ಇಲ್ಲ, ಹೆಡ್ ಆಫೀಸೂ ಇಲ್ಲ" ಎಂದು ಭಾಷಣ ಮಾಡಿದಿರಿ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು, ಏನೂ ಅರ್ಥವಾಗದ್ದಕ್ಕೆ. ಫೋನು ಕೆಟ್ಟರೆ ಹಳೆಯ ಮಾತು ತೆರೆಯಲು ಹನ್ನೆರಡು ಗುಟ್ಟಿನ ಪದ ಬರೆದಿಡಲು ಹೇಳಿದಿರಿ. ನನ್ನ ಕೈಯಲ್ಲಿದ್ದದ್ದು ಗುರುತು ಹಾಕುವ ಸೀಮೆಸುಣ್ಣ, ಮುಂದಿದ್ದದ್ದು ಹೊಲಿಯದ ಜೇಬು. ಅದರ ಒಳಮಗ್ಗುಲಿಗೆ ಬರೆದೆ, ಸಂಜೆ ಹಾಳೆಗೆ ಇಳಿಸಿದರಾಯಿತೆಂದು. ಮಧ್ಯಾಹ್ನಕ್ಕೇ ಜೇಬು ಪ್ಯಾಂಟು ಸೇರಿ, ಪ್ಯಾಂಟು ವಾಷಿಂಗಿಗೆ ಹೋಯಿತು.

ಆಪಿನ ನಮ್ಮ ಗುಂಪಿನಲ್ಲಿ ಮೂವರು: ಸೂಪರ್‌ವೈಸರ್, ಪಕ್ಕೀರಮ್ಮ, ನಾನು. ಮಗಳ ಹೆರಿಗೆಗೆ ಸಿರುಗುಪ್ಪಕ್ಕೆ ಹೋಗಬೇಕೆಂದು ಪಕ್ಕೀರಮ್ಮ ಅದರಲ್ಲಿ ದನಿ ಕಳಿಸಿದರು. "ಆತು, ನಾಕ್ ದಿನ ಹೋಗಿ ಬರ್ರಿ" ಎಂದು ಸೂಪರ್‌ವೈಸರ್ ದನಿ ಬಂತು. ಐದನೇ ದಿನ ಬಂದರೆ ಗೇಟಿನ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಸೂಪರ್‌ವೈಸರ್ ಫೋನಿನಿಂದ ಆ ಮಾತು "ಹೆಂಗೋ ಅಳಿಸಿ ಹೋಗೇತಿ" ಅಂತೆ. ನನ್ನ ಫೋನು ಅದೇ ವಾರ ಕೆಟ್ಟು, ಹಳೆಯದೆಲ್ಲ ಬೀಗದೊಳಗೆ. "ಲೇ ಜ್ಯೋತಿ, ಬೀಗದ ಕೈನ ಒಗಿಯಾಕ ಹಾಕಿದೆಲ್ಲಲೇ!" ಎಂದು ಪಕ್ಕೀರಮ್ಮ ಅಳುತ್ತಲೇ ನಕ್ಕರು.

ಅವರ ಫೋನಿನಲ್ಲಿ ಆ ದನಿ ಈಗಲೂ ಸ್ಪಷ್ಟವಾಗಿದೆ. ನೀವು ಕೇಳಲೇ ಇಲ್ಲ. "ಈ ದನಿ ಖರೆ ಅಂತ ಆಪಿನ ಹೆಡ್ ಆಫೀಸಿನಿಂದ ಸೀಲು ಹಾಕಿಸಿಕೊಂಡು ಬರ್ರಿ" ಎಂದಿರಿ. ಇಲ್ಲದ ಆಫೀಸಿಗೆ ಯಾವ ಬಸ್ಸು ಹತ್ತಬೇಕು, ಸಾಹೇಬರೇ? ಪಾಪ, ಅವರು ಬಳ್ಳಾರಿಯ ಮೂರು ಮೊಬೈಲ್ ಅಂಗಡಿಗಳಲ್ಲಿ ವಿಳಾಸ ಕೇಳಿದರು. ಜೊತೆಗೆ ಹೋದ ನಾನು ಮೂರರಲ್ಲೂ ಅವರ ಬೆನ್ನ ಹಿಂದೆ ನಿಂತೆ. ನಿಮ್ಮ ಮುಂದೆಯೂ ಅಷ್ಟೇ. "ಆ ಮಾತು ನೀನೂ ಕೇಳಿದೇನು?" ಎಂದು ನೀವು ಕೇಳಿದಾಗ ನೆಲ ನೋಡಿದೆ. ಈಗ ಹೇಳುತ್ತೇನೆ: ಕೇಳಿದ್ದೇನೆ.

ಅವರ ಫೋನನ್ನು ನಿಮ್ಮ ಕಿವಿಗೇ ಹಿಡಿದು ನೋಡಿ. ಸೂಪರ್‌ವೈಸರ್ ದನಿ ನಿಮಗೆ ಗೊತ್ತಿಲ್ಲವೇ? ಸೋಮವಾರ ಪಕ್ಕೀರಮ್ಮನವರನ್ನು ಒಳಗೆ ಬಿಡಿ. ಇಂದು ಬೆಳಿಗ್ಗೆ ಅವರ ಮೆಷಿನ್ನಿಗೆ ಹೊಸ ಸೂಜಿ ಹಾಕಿ, ದಾರ ಪೋಣಿಸಿಟ್ಟಿದ್ದೇನೆ.

ಇಂತಿ,
ತಡವಾಗಿ ಬಾಯಿಬಿಟ್ಟ
ಜ್ಯೋತಿಲಕ್ಷ್ಮಿ, ಜೇಬು ಹೊಲಿಯುವ ಸಾಲು