ಹಾರ್ಟ್ ಅಟ್ಯಾಕ್ ಎಂದು ಹೇಳಿದವನು

ಅಕ್ಕಾ,

ಫೋನ್ ಮಾಡಲು ಮುಖವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಭಾವ ಹೋದಾಗ ಎಲ್ಲರಿಗೂ ಹಾರ್ಟ್ ಅಟ್ಯಾಕ್ ಎಂದು ಹೇಳಿದವನು ನಾನು. ನೀನು ಮಾತ್ರ, "ಅವರೇ ಜೀವ ಕಳ್ಕೊಂಡ್ರು. ತುಂಬ ದಿನದಿಂದ ಒಳಗೊಳಗೇ ನರಳ್ತಿದ್ರು" ಎಂದು ಬಂದವರಿಗೆ ನಿಜ ಹೇಳಿದೆ. "ಮನೆ ಮರ್ಯಾದೆ ಕಳೀಬೇಡ" ಎಂದು ನಾನು ಎಲ್ಲರೆದುರು ನಿನ್ನ ಮೇಲೆ ಕೂಗಾಡಿದೆ. ಆಮೇಲೆ ಎರಡು ವರ್ಷ ನಿನ್ನ ಮನೆ ಕಡೆ ತಲೆ ಹಾಕಲಿಲ್ಲ.

ಹೋದ ವಾರ ನಮ್ಮ ಪ್ರೆಸ್ಸಿನ ಬೈಂಡರ್ ಊಟದ ಡಬ್ಬಿ ತೆರೆಯದೆ ನನ್ನ ಪಕ್ಕ ಬಂದು ಕೂತ.

"ಅಣ್ಣ, ನಿಮ್ಮ ಭಾವಂದು ಹಾರ್ಟ್ ಅಟ್ಯಾಕ್ ಅಲ್ವಂತೆ. ನಿಮ್ಮಕ್ಕನೇ ಹೇಳಿದ್ರಂತೆ. ಅದಕ್ಕೇ ನಿಮ್ಮ ಹತ್ರ ಬಂದೆ."

ನಾನು ನೇರವಾಗಿ ಕೇಳಿದೆ: "ಏನಪ್ಪಾ, ಸಾಯ್ಬೇಕು ಅನ್ನಿಸ್ತಿದ್ಯಾ?"

"ಹೂಂ" ಎಂದವನೇ ಅತ್ತುಬಿಟ್ಟ.

ಅವನನ್ನು ಒಬ್ಬನೇ ಬಿಡಲಿಲ್ಲ. ಅವನ ಹೆಂಡತಿಯನ್ನು ಕರೆಸಿ, ಮೂವರೂ ಡಾಕ್ಟರ ಹತ್ತಿರ ಹೋದೆವು. ಈಗ ಔಷಧಿ ನಡೆಯುತ್ತಿದೆ. ನಿನ್ನೆ ನಾನು ಹಾಳೆಗಳನ್ನು ಹಿಂದುಮುಂದು ಜೋಡಿಸಿದ್ದಕ್ಕೆ ನನ್ನನ್ನೇ ಬೈದ. ಬೈಸಿಕೊಂಡು ಇಷ್ಟು ಖುಷಿಪಟ್ಟಿದ್ದು ಇದೇ ಮೊದಲು.

ನನ್ನ ಸುಳ್ಳನ್ನೇ ನಂಬಿದ್ದರೆ ಅವನು ನನ್ನ ಹತ್ತಿರ ಬರುತ್ತಲೇ ಇರಲಿಲ್ಲ, ಅಕ್ಕಾ. ನೆನೆದರೆ ನಾಚಿಕೆಯಾಗುತ್ತದೆ.

ಅವನ ಹೆಂಡತಿ ತುಂಬಾ ಹೆದರಿದ್ದಾಳೆ, ನಿನ್ನೊಡನೆ ಮಾತಾಡಬೇಕಂತೆ. ಭಾನುವಾರ ಕರೆದುಕೊಂಡು ಬರಲೇ? ನಾನು ಒಳಗೆ ಬರುವುದು ಬೇಡವೆಂದರೆ ಹೊರಗೇ ಇರುತ್ತೇನೆ. ಕೂರಲು ಹೇಳಿದರೆ, ಆ ದಿನಗಳಲ್ಲಿ ಭಾವ ಏನು ಹೇಳುತ್ತಿದ್ದರು, ನೀನೊಬ್ಬಳೇ ಹೇಗೆ ತಡೆದುಕೊಂಡೆ ಎಂದು ನನಗೂ ಹೇಳು. ಇಷ್ಟು ದಿನ ನಾನು ಕೇಳಲೇ ಇಲ್ಲ.

ನಿನ್ನ ತಮ್ಮ