ಬರಫಿನ ಮ್ಯಾಲ ಚರಗ

ಇಟಲಿ, ಡಿಸೆಂಬರ್ ೧೯೪೩

ಅಣ್ಣ ಧರ್ಮಣ್ಣಗ ಭೀಮಶಾನ ಶರಣು. ಥಂಡಿಗೆ ಕೈ ಸೆಟದಾವ, ಅಕ್ಷರ ಸೊಟ್ಟ ಆದ್ರ ಬೈಬ್ಯಾಡ.

ದಂಡಿನಾಗ ಗಾಯ ಆದವರನ್ನ ಹೊರೂ ಕೆಲಸಕ್ಕ ನಾನಾಗೇ ಹೆಸರು ಬರೆಸಿ ಬಂದಾಂವ, ಯಾರಿಗೂ ಅನ್ನಾಂಗಿಲ್ಲ. ಕ್ರಿಸ್ಮಸ್ ಹಬ್ಬಕ್ಕ ಒಂದು ದಿನ ರಜಾ ಕೊಟ್ಟು, ಸಿಹಿ ಬ್ರೆಡ್ಡು ಹಂಚಿದ್ರು. ಎರಡು ದಿನಕ್ಕ ನಮ್ಮ ಎಳ್ಳಮವಾಸಿ ಇತ್ತಲ್ಲ, ಅದಕ್ಕ ತಿನ್ನದ ಉಳಿಸಿಟ್ಟೆ. ನಮಗ ತುಂಡು ಹೊಲ ಇಲ್ಲ, ಜನ್ಮದಾಗ ಒಮ್ಮೆನೂ ಚರಗ ಚೆಲ್ಲಿಲ್ಲ. ಇಲ್ಲಿ ಕೇಳಾಂವ ಯಾರು? ಬರಫ್ ಬಿದ್ದ ಯಾರದೋ ಹೊಲದಾಗ ನಿಂತು, ಭೂತಾಯಿ ಉಣ್ಣಲಿ ಅಂತ ಬ್ರೆಡ್ ಮುರದು ಮಾಲಕನಂಗ ನಾಕೂ ದಿಕ್ಕಿಗೆ ಚೆಲ್ಲಿದೆ.

ತಿರುಗಿ ನೋಡಿದ್ರ ಆ ಊರಿನ ಮುದುಕಿಯೊಬ್ಬಾಕಿ ಮೊಣಕಾಲೂರಿ ಒಂದೊಂದೇ ಚೂರು ಆರಿಸಿ ಉಡಿಯಾಗ ಹಾಕ್ಕೊಳಾಕತ್ತಿದ್ದಳು. ನನಗ ನಗು ಬಂತು. ಆಕಿ ಹೆದರಿ ಉಡಿ ಮುಚ್ಚಿಕೊಂಡು ನಿಂತಳು. ಗೌಡರ ಹೊಲದಾಗ ಅವರ ಚರಗ ಆದಮ್ಯಾಲ ನಮ್ಮವ್ವ ಕಡುಬಿನ ಚೂರು ಆರಿಸಿ ಹಂಗೇ ನಿಂದರತಿದ್ದಳು, ನೆನಪೈತೇನು? ಗೌಡರೂ ಹಿಂಗೇ ನಗತಿದ್ರು. ಥೂ ನನ್ನ ಜನ್ಮಕ್ಕ!

ಕಾಲಬೆರಳು ಥಂಡಿಗೆ ಬಾತಾವ, ಉಳದಂಗ ಆರಾಮ ಅದೀನಿ. ಈ ಎಳ್ಳಮವಾಸಿಗೂ ಹೊಲಕ್ಕ ಗೌಡರ ಬಂಡಿ ನೀನೇ ಹೊಡದಿರ್ತಿ. ಜಾಗ ಮುಗೀತು. ಅವ್ವಗ ಈ ಕಾರ್ಡು ಓದಿ ಹೇಳುವಾಗ ಮುದುಕಿ ಮಾತು ಬಿಟ್ಟುಬಿಡು. ‘ನಿನ್ನ ಸಣ್ಣ ಮಗ ಚರಗ ಚೆಲ್ಲಿದ’ ಅಂತ ಅಷ್ಟೇ ಹೇಳು.

ಭೀಮಶಾ