ಫೋನ್ ಎತ್ತದ ಗೆಳೆಯ

ಕೋಟನೂರ, ಕಲಬುರಗಿ
21 ಜುಲೈ 2024

ಗೆಳೆಯ ಸಲಾವುದ್ದೀನನಿಗೆ,

ದೇವೀಂದ್ರಪ್ಪನ ಶರಣು, ಸಲಾಂ ಎರಡೂ. ಜುಬೇದಾ ಭಾಬಿಗೂ ತಿಳಿಸು.

ನೀನು ಸಿಟ್ಟಾಗಿದ್ದೀ ಎಂದು ಬಲ್ಲೆ. ಹೋಳಿ ಹುಣ್ಣಿಮೆ ಆದಾಗಿನಿಂದ ಎಷ್ಟು ಸಲ ಫೋನ್ ಮಾಡಿದೆಯೋ, ಒಮ್ಮೆಯೂ ನಾನು ಎತ್ತಲಿಲ್ಲ. ಪ್ರತಿ ಸಲವೂ ಸೂಗಮ್ಮನೇ ಎತ್ತಿ, ಸ್ನಾನಕ್ಕೆ ಹೋಗಿದ್ದಾರೆ, ಮಲಗಿದ್ದಾರೆ ಎಂದು ಏನೋ ಒಂದು ಹೇಳಿದಳು. ಕಡೆಯ ಸಲ ನೀನು, "ಏನ್ರೀ ವೈನಿ, ನಿಮ್ಮ ಯಜಮಾನ್ರು ದಿನಕ್ಕ ಎಷ್ಟ್ ಸಲ ಸ್ನಾನ ಮಾಡ್ತಾರ?" ಎಂದು ಕೇಳಿ ಪಟ್ಟನೆ ಇಟ್ಟುಬಿಟ್ಟೆಯಂತೆ. ಅದನ್ನು ನಗುತ್ತಲೇ ಹೇಳಲು ಬಂದವಳು, ಹೇಳಿ ಮುಗಿಸುವಷ್ಟರಲ್ಲಿ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಳು. ಈ ಕಾಗದವೂ ಎಂದೋ ಬರಬೇಕಿತ್ತು. ಬರೆಯಲು ಕೂತು ಎದ್ದದ್ದೇ ಹೆಚ್ಚು. ಮನ್ನಿಸು.

ಮೊನ್ನೆ ಊರಿಂದ ಬಂದ ದೌಲಪ್ಪನ ಕೈಯಲ್ಲಿ ನೀನು ಕಳಿಸಿದ ಕೆಂಪು ಬಾಳೆಹಣ್ಣು ಮುಟ್ಟಿದವು. ಅವನು ಬಾಗಿಲಲ್ಲೇ ನಿಂತು ಸೂಗಮ್ಮನಿಗೆ ನಿನ್ನ ಮಾತನ್ನು ನಿನ್ನ ದನಿಯಲ್ಲೇ ಒಪ್ಪಿಸಿದ: "ಶ್ರಾವಣದ ಮೊದಲ ಸೋಮವಾರ ಕಮಲಾಪುರದಾಗ ಭಜನಿ ಅದ. ಅವ ಬಂದು ಹಾಡಿದ್ರ ತಬಲಾ ಬಿಚ್ಚತೀನಿ, ಇಲ್ಲಾಂದ್ರ ಗವಸಣಗಿ ಹಾಕಿ ಮಾಳಗಿ ಮ್ಯಾಲ ಇಡ್ತೀನಿ ಅಂತ ಹೇಳಂದಾನ್ರಿ." ನಾನು ಒಳಕೋಣೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡೆ. ಹೊರಗೆ ಬರಲಿಲ್ಲ.

ಅದಕ್ಕೆ ಉತ್ತರ ಕಡೆಗೆ ಬರೆಯುತ್ತೇನೆ. ಮೊದಲು ನಮ್ಮ ಎಂದಿನ ಮಾತು. ಏನು ಓದಿದೆ, ಏನು ನೋಡಿದೆ, ಏನು ಉಂಡೆ ಎಂದು ಕೇಳದೆ ನೀನು ಯಾವತ್ತೂ ಫೋನ್ ಇಟ್ಟವನಲ್ಲ. ನಿನ್ನ ಹೊಲಿಗೆ ಯಂತ್ರದ ಸದ್ದಿನ ನಡುವೆ ಕೂಗಿ ಕೂಗಿ ಹೇಳುತ್ತಿದ್ದೆ. ಈ ನಾಲ್ಕು ತಿಂಗಳ ಬಾಕಿ ಎಲ್ಲವೂ ಹಾಗೇ ಉಳಿದಿದೆ.

ಒಂದು ಹೊಸ ಕಾದಂಬರಿ ಓದಿದೆ. ಮಗಳು ಅಂಜನಾ ಪುಸ್ತಕ ಪ್ರದರ್ಶನದಿಂದ ತಂದುಕೊಟ್ಟಳು. ಬರೆದವಳು ಸಣ್ಣ ವಯಸ್ಸಿನವಳು. ಭೀಮಾ ನದಿಯ ದಂಡೆಯಲ್ಲಿ ದೋಣಿ ನಡೆಸುವವನ ಹೆಂಡತಿಯ ಕತೆ. ಸೇತುವೆ ಆದ ಮೇಲೆ ದೋಣಿ ಯಾರಿಗೂ ಬೇಡ. ಆದರೂ ಅವಳು ದಿನಾ ಬೆಳಿಗ್ಗೆ ಅದರೊಳಗಿನ ನೀರನ್ನು ಚೆಲ್ಲಿ ಒರೆಸಿಟ್ಟು ಬರುತ್ತಾಳೆ. ಆ ಭಾಗವನ್ನು ನಾನು ಎರಡೆರಡು ಸಲ ಓದಿದೆ. ಆದರೆ ಬರೆದವಳಿಗೆ ನದಿ ಗೊತ್ತಿರುವಷ್ಟು ಒಲೆ ಗೊತ್ತಿಲ್ಲ. ಒಂದು ಕಡೆ ದೋಣಿಯವನ ಹೆಂಡತಿ ಜೋಳದ ರೊಟ್ಟಿಯನ್ನು ಲಟ್ಟಣಿಗೆಯಲ್ಲಿ ಲಟ್ಟಿಸಿ, ತುಪ್ಪ ಹಾಕಿ ಬೇಯಿಸುತ್ತಾಳೆ! ಆ ಪುಟವನ್ನು ಸೂಗಮ್ಮನ ಮುಂದೆ ಹಿಡಿದೆ. ಅವಳು ಕನ್ನಡಕ ಏರಿಸಿ ಓದಿ, "ಪಾಪ, ಆ ಹುಡುಗಿಗಿ ಯಾರೂ ರೊಟ್ಟಿ ಬಡದು ತೋರ್ಸಿಲ್ಲ ಕಾಣ್ತದ. ನಮ್ಮನಿಗಿ ಬರಕ ಹೇಳ್ರಿ," ಎಂದಳು. ಬೇಸಿಗೆ ಶುರುವಾದ ಮೇಲೆ ಅವಳು ಮನಸಾರೆ ನಕ್ಕದ್ದನ್ನು ನಾನು ನೋಡಿದ್ದು ಅಂದೇ.

ಜೂನಿನಲ್ಲಿ ಅಂಜನಾ ಹಟ ಹಿಡಿದು ನಮ್ಮಿಬ್ಬರನ್ನೂ ಸಿನಿಮಾಕ್ಕೆ ಕರೆದೊಯ್ದಳು. ಅದರಲ್ಲಿ ಅಪ್ಪ ಮಗಳು ಯಾವುದೋ ಮದುವೆಯ ವಿಷಯಕ್ಕೆ ಮಾತು ಬಿಟ್ಟಿರುತ್ತಾರೆ. ಚಿತ್ರದುದ್ದಕ್ಕೂ ಒಂದೇ ಮನೆಯಲ್ಲಿದ್ದು ಮಾತಾಡುವುದಿಲ್ಲ. ಕಡೆಗೆ ಮಗಳು ರೈಲು ಹತ್ತಿ ಹೊರಡುವಾಗ ಅಪ್ಪ ಪ್ಲಾಟ್‌ಫಾರ್ಮಿನ ಮೇಲೆ ಓಡುತ್ತ ಅವಳ ಹೆಸರು ಹಿಡಿದು ಕೂಗುತ್ತಾನೆ. ಅವಳು ಇಳಿಯುತ್ತಾಳೆ. ಅಷ್ಟೇ. ಥಿಯೇಟರಿನಲ್ಲಿ ಎಲ್ಲರೂ ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಎಲ್ಲಿಲ್ಲದ ಸಿಟ್ಟು ಬಂತು. ಕೂಗಲು ಬರುವವನು ಎರಡೂವರೆ ತಾಸು ಏಕೆ ಕಾಯಬೇಕು ಹೇಳು.

ಹೊರಗೆ ಬರುವಾಗ ಗದ್ದಲದಲ್ಲಿ ನಾನು ಹಿಂದೆ ಉಳಿದೆ. ಅಂಜನಾ ಮತ್ತು ಸೂಗಮ್ಮ ಮಾತಾಡುತ್ತ ಬೇರೆ ಬಾಗಿಲಿನತ್ತ ನಡೆದರು. ನನಗೆ ಅವರ ಬೆನ್ನು ಕಾಣುತ್ತಿತ್ತು. ನಾನು ಚಪ್ಪಾಳೆ ತಟ್ಟಿದೆ. ಮತ್ತೆ ತಟ್ಟಿದೆ. ಮುಂದಿದ್ದ ಇಬ್ಬರು ಕಾಲೇಜು ಹುಡುಗರು ತಿರುಗಿ ನೋಡಿ ನಕ್ಕರು. ಇವರಿಬ್ಬರೂ ತಿರುಗಲಿಲ್ಲ. ಗೋಡೆಗೆ ಒರಗಿ ನಿಂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಅಂಜನಾ ಓಡುತ್ತ ಬಂದಳು. ಮುಖ ಬಿಳಿಚಿತ್ತು. "ಅಪ್ಪಾ, ಇನ್ನ ಮ್ಯಾಲ ನನ್ನ ಕೈ ಬಿಡಬ್ಯಾಡ್ರಿ," ಎಂದಳು. ಸಣ್ಣವಳಿದ್ದಾಗ ಸ್ಟೇಶನ್ ಬಜಾರದಲ್ಲಿ ನಾನು ಅವಳಿಗೆ ಹೇಳುತ್ತಿದ್ದ ಮಾತು ಅದು. ಆಟೋದಲ್ಲಿ ಕೋಟನೂರ ಮುಟ್ಟುವ ತನಕ ಅವಳು ನನ್ನ ಕೈ ಬಿಡಲಿಲ್ಲ.

ಸಂಗೀತವನ್ನೂ ಕೇಳಿದೆ. ಕಳೆದ ವಾರ ಇಲ್ಲಿಯೇ ಒಂದು ಕಾರ್ಯಕ್ರಮವಿತ್ತು. ಹಾಡಿದವಳು ಬೀದರ ಕಡೆಯ ಹುಡುಗಿ. ತತ್ವಪದಗಳನ್ನು ಒಳ್ಳೆಯ ಗಟ್ಟಿ ದನಿಯಲ್ಲಿ ಹೇಳಿದಳು. ತಬಲಾದವನು ಮಾತ್ರ ಬಸ್ಸು ತಪ್ಪುತ್ತದೆ ಎನ್ನುವ ಹಾಗೆ ನುಡಿಸಿದ. ಪದದಲ್ಲಿ ಅರ್ಥ ಇಳಿಯುವ ಜಾಗಕ್ಕೆ ನೀನು ಕೈ ತಡೆದು ನಿಲ್ಲುತ್ತೀಯಲ್ಲ, ಆ ಸೈರಣೆ ಅವನಿಗೆ ಇಲ್ಲ. ಕಡೆಗೆ ಆ ಹುಡುಗಿ, ಎಲ್ಲರೂ ಪಲ್ಲವಿ ಹೇಳಿರಿ ಎಂದಳು. ಸಭೆಯೆಲ್ಲ ಹಾಡಿತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ತೊಡೆ ತಟ್ಟಿ, "ಹಾಡ್ರೀ, ಯಾಕ ನಾಚತೀರಿ? ದೇವರ ಮುಂದ ಎಂಥಾ ನಾಚಿಕಿ?" ಎಂದರು. ನಾನು ತುಟಿ ಆಡಿಸಿದೆ. ಅವರಿಗೆ ಸಮಾಧಾನವಾಯಿತು.

ಇನ್ನು ಊಟ. ನಿನ್ನ ಬಾಳೆಹಣ್ಣು ಹಾಲಿನಲ್ಲಿ ಕಿವುಚಿಕೊಂಡು ತಿಂದೆ. ಸೂಗಮ್ಮ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ಮೆತ್ತಗೆ ಮಾಡಿಕೊಡುತ್ತಾಳೆ. ಹೋದ ತಿಂಗಳು ಒಂದು ದಿನ ಪುಂಡಿಪಲ್ಯ ಒಲೆಯ ಮೇಲಿಟ್ಟು ಪಕ್ಕದ ಮನೆಗೆ ಹೋಗಿದ್ದಳು. ನಾನು ಪಡಸಾಲೆಯಲ್ಲಿ ಓದುತ್ತ ಕೂತಿದ್ದೆ. ಒಮ್ಮೆಲೆ ಒಳಗೆ ನುಗ್ಗಿ ಬಂದು ಒಲೆ ಆರಿಸಿ, "ಮನಿ ತುಂಬ ಕರಕಲ ವಾಸನಿ ಹೊಡ್ಯಾಕತ್ತದ, ನಿಮಗ ಬರಲಿಲ್ಲೇನ್ರಿ?" ಎಂದು ಕೂಗಿದಳು. ನಾನು ತಲೆ ಅಲ್ಲಾಡಿಸಿದೆ. ಸುಟ್ಟ ಪಾತ್ರೆ ಹಿಡಿದುಕೊಂಡು ಹಾಗೇ ನಿಂತಳು. ಮರುದಿನದಿಂದ ಒಂದು ಹೊಸ ರೂಢಿ ಮಾಡಿಕೊಂಡಿದ್ದಾಳೆ. ತಟ್ಟೆ ಇಟ್ಟು ಎದುರಿಗೆ ಕೂತು ಹೇಳುತ್ತಾಳೆ: "ಇದು ಬಳ್ಳೊಳ್ಳಿ, ಕೆಂಪಗ ಹುರದೀನಿ, ಘಮ್ ಅನ್ನಾಕತ್ತದ. ಇದು ಹಸಿ ಕೊತ್ತಂಬ್ರಿ. ತುಪ್ಪ ಈಗ ಕಾಸೀದ್ದು." ಅವಳು ಹೇಳಿದ ಮೇಲೆ ನಾನು ತುತ್ತು ಎತ್ತುತ್ತೇನೆ. ನನ್ನ ಮೂಗಿಗೆ ಏನೂ ಬರುವುದಿಲ್ಲ. ಆದರೂ ಅವಳು ಹೇಳುವುದನ್ನು ನಿಲ್ಲಿಸಬಾರದು ಎನಿಸುತ್ತದೆ.

ಈಗ ನಿನ್ನ ಮಾತಿಗೆ ಉತ್ತರ. ಶ್ರಾವಣದ ಸೋಮವಾರಕ್ಕೆ ದೌಲಪ್ಪನ ಮಗ ಯಶವಂತನನ್ನು ಹಾಡಲು ಕೂಡಿಸು. ಅವನ ದನಿ ಚೆನ್ನಾಗಿದೆ. ಅವಸರ ಮಾಡುತ್ತಾನೆ, ನೀನು ತಬಲಾದಲ್ಲಿ ಹಿಡಿದು ನಿಲ್ಲಿಸು. ತಬಲಾ ಮಾಳಿಗೆಯ ಮೇಲೆ ಇಡಬೇಡ. ನನ್ನ ಮೇಲಿನ ಸಿಟ್ಟನ್ನು ಅದರ ಮೇಲೆ ತೀರಿಸಬೇಡ.

ಭಾಬಿಯ ಮಂಡಿನೋವು ಕಡಿಮೆಯಾಗಲಿ. ನಿನ್ನ ಕಣ್ಣಿಗೆ ಸೂಜಿಯ ಕಣ್ಣು ಇನ್ನೂ ಬಹಳ ವರ್ಷ ಕಾಣುತ್ತಿರಲಿ. ನಮ್ಮ ಶರಣಬಸವಪ್ಪನೂ ನಿಮ್ಮ ಬಂದೇನವಾಜರೂ ಕೂಡಿಯೇ ನಿಮ್ಮ ಮನೆ ಕಾಯಲಿ.

ನಿನ್ನ
ದೇವೀಂದ್ರಪ್ಪ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಸಂಕ್ರಾಂತಿಗೆ ಊರಿಗೆ ಬಂದಾಗ ನನ್ನ ದನಿ ಒಡೆದದ್ದನ್ನು ಮೊದಲು ಹಿಡಿದವನು ನೀನೇ. "ಇದು ನೆಗಡಿ ಅಲ್ಲ, ಡಾಕ್ಟರಿಗಿ ತೋರ್ಸು," ಎಂದಿದ್ದೆ. ತೋರಿಸಿದೆ. ಗಂಟಲಲ್ಲಿ ಕ್ಯಾನ್ಸರ್ ಇತ್ತು. ಹೋಳಿಯಾದ ಮೇಲೆ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವಕ್ಕೆ ಈಗ ಅಪಾಯವಿಲ್ಲ ಎನ್ನುತ್ತಾರೆ. ಕೊರಳಲ್ಲಿ ಮಾಡಿದ ತೂತಿನಿಂದ ಉಸಿರಾಡುತ್ತೇನೆ. ಮೂಗಿನಲ್ಲಿ ಗಾಳಿ ಆಡುವುದಿಲ್ಲ, ಅದಕ್ಕೇ ವಾಸನೆಯೂ ಹೋಯಿತು. ಮಾತಿಲ್ಲ, ಹಾಡಿಲ್ಲ. ನಿನಗೆ ತಿಳಿಸಬೇಡವೆಂದು ಸೂಗಮ್ಮನಿಗೆ ಬರೆದು ತೋರಿಸಿದವನು ನಾನೇ. ಫೋನಿನಲ್ಲಿ ನೀನು ಹಲೋ ಹಲೋ ಎನ್ನುವುದನ್ನು ಸುಮ್ಮನೆ ಕೇಳುತ್ತ ನಿಲ್ಲುವ ಧೈರ್ಯ ನನಗಿರಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಸೂಗಮ್ಮ ಹಾಸಿಗೆಯ ಪಕ್ಕ ಕೂತು, "ಊರಿಗೆಲ್ಲ ಹಾಡೀರಿ. ಈವತ್ತ ನನ್ನ ಸಲುವಾಗಿ ಒಂದ್ ಪದ ಹಾಡ್ರಿ," ಎಂದಳು. ನಾನು, "ಮೊದಲ ಚಾ ಕುಡದ್ ಬಾ, ನಿನ್ನಿಯಿಂದ ಏನೂ ತಿಂದಿಲ್ಲ. ಬಂದ ಮ್ಯಾಲ ಹಾಡ್ತೀನಿ," ಎಂದೆ. ಅವಳು ಇಳಿದು ಹೋದಳು. ನನ್ನ ಸರದಿ ಮಧ್ಯಾಹ್ನಕ್ಕಿತ್ತು. ಯಾರದೋ ಆಪರೇಷನ್ ಮುಂದೆ ಹೋಗಿ, ಆಗಲೇ ಸ್ಟ್ರೆಚರ್ ತಂದರು. ಒಳಗೆ ನರ್ಸಮ್ಮ ಹೆಸರು ಕೇಳಿದಳು, ಹೇಳಿದೆ. ಊರು ಕೇಳಿದಳು. ಕಮಲಾಪುರ ಎಂದೆ. ನನ್ನ ಕಡೆಯ ಮಾತು ಅದೇ ಆಯಿತು. ಸೂಗಮ್ಮ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಬಾಗಿಲು ಹಾಕಿದ್ದರಂತೆ.

ಆ ವಿಷಯವನ್ನು ಅವಳು ಇಂದಿಗೂ ಎತ್ತಿಲ್ಲ. ಆದರೆ ನಿನ್ನೆ ರೊಟ್ಟಿ ಬಡಿಯುತ್ತ, ನಾನು ಮಲಗಿದ್ದೇನೆಂದು ತಿಳಿದು, ನಾನು ಯಾವಾಗಲೂ ಭಜನೆಯ ಕೊನೆಗೆ ಹಾಡುತ್ತಿದ್ದ ಪದವನ್ನು ತಾನೇ ಗುನುಗತೊಡಗಿದಳು. ಎರಡು ಸಾಲು ಸರಿಯಾಗಿ ಬಂತು. ಮೂರನೆಯದು ಮೇಲಕ್ಕೆ ಏರುತ್ತದಲ್ಲ, ಅಲ್ಲಿ ತಪ್ಪಿದಳು. ಮತ್ತೆ ಮೊದಲಿನಿಂದ ಹಿಡಿದಳು, ಅಲ್ಲಿಯೇ ನಿಂತಳು. ನಾನು ಬಾಗಿಲಲ್ಲಿ ನಿಂತಿದ್ದೆ. ಪದ ಬರೆದು ಕೊಡಬಲ್ಲೆ, ಧಾಟಿಯನ್ನು ಹೇಗೆ ಬರೆಯಲಿ? ಅವಳು ರೊಟ್ಟಿ ಬಡಿಯುವುದನ್ನೂ ಬಿಟ್ಟಳು.

ನಿನ್ನ ಕಂಠ ಒಡಕಲು ಎಂದು ಜನ್ಮವಿಡೀ ಆಡಿಕೊಂಡು ನಕ್ಕವನು ನಾನು. ಆದರೂ ಆ ಏರು ನನ್ನ ಹೊರತು ನಿನಗೊಬ್ಬನಿಗೇ ಗೊತ್ತು. ಒಂದು ದಿನ ಬಂದು ಅವಳಿಗೆ ಆ ಸಾಲನ್ನು ಹೇಳಿಕೊಡು.